ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಕ್‌ಪಿಟ್ ಕಲಿಯುವುದು ಹೇಗೆ

ದಾವಣಗೆರೆಯಲ್ಲಿ ನನ್ನದೊಂದು ಫ್ಲೆಕ್ಸ್ ಮುದ್ರಣದ ಅಂಗಡಿ. ಹುಟ್ಟುಹಬ್ಬದ ಶುಭಾಶಯ, ಗಣಪತಿ ಪೆಂಡಾಲಿನ ಕಮಾನು, ಗೃಹಪ್ರವೇಶ, ಶ್ರದ್ಧಾಂಜಲಿ, ದಿನಾ ಇದೇ ಕೆಲಸ. ಕೆಲವು ವರ್ಷಗಳ ಹಿಂದೆ ತಂಗಿಯ ಮಗ ಪೆನ್‌ಡ್ರೈವ್ ಹಿಡಿದು ಬಂದ. "ಮಾವ, ಇದನ್ನ ನಿಜವಾದ ಅಳತೆಗೆ ಹೊಡೆದುಕೊಡಿ." ತೆರೆದು ನೋಡಿದರೆ ತರಬೇತಿ ವಿಮಾನವೊಂದರ ಕಾಕ್‌ಪಿಟ್ ಫೋಟೊ. "ಎಷ್ಟಕ್ಕೆ ಎಷ್ಟು ಅಡಿನಪ್ಪಾ?" ಅಂದೆ. ಅವನಿಗೂ ಗೊತ್ತಿರಲಿಲ್ಲ. ಅಂದಾಜಿನ ಮೇಲೆ ಆರಕ್ಕೆ ನಾಲ್ಕು ಅಡಿ ಹೊಡೆದೆ. ಮನೆಗೆ ಒಯ್ದು ಗೋಡೆಗೆ ಕಟ್ಟಿ ಎದುರಿಗೆ ಕೂತರೆ ವೇಗ, ಎತ್ತರ ತೋರಿಸುವ ಒಂದೊಂದು ಗಡಿಯಾರವೂ ಊಟದ ತಟ್ಟೆಯಷ್ಟು! ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಹಿಡಿ ಮುಟ್ಟಬೇಕಾದರೆ ಹುಡುಗ ಕುರ್ಚಿಯಿಂದ ಎದ್ದು ಹೋಗಬೇಕು. ಚುನಾವಣೆಯ ಕ್ಯಾಂಡಿಡೇಟನ ಭಾವಚಿತ್ರದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೆ ಆ ಅಳತೆ ಸರಿ, ವಿಮಾನಕ್ಕಲ್ಲ.

ವಾಯುಪಡೆಯ ಪೈಲಟ್ ಆಗಬೇಕೆನ್ನುವ ಈ ಹುಚ್ಚು ನನಗೆ ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ ನಾನೂ ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಗೆ, ಅಂದರೆ ಎಎಫ್‌ಎಸ್‌ಬಿಗೆ, ಟ್ರಂಕ್ ಹೊತ್ತು ಹೋಗಿದ್ದೆ. ಆಗ ಪಿಎಬಿಟಿ ಎನ್ನುತ್ತಿದ್ದ ಪೈಲಟ್ ಸಾಮರ್ಥ್ಯ ಪರೀಕ್ಷೆಯಲ್ಲಿ ಬಿದ್ದು ವಾಪಸ್ ಬಂದೆ. ಅದಕ್ಕೆ ಎರಡನೇ ಅವಕಾಶ ಇರಲಿಲ್ಲ, ಈಗ ಅದರ ಜಾಗದಲ್ಲಿರುವ ಕಂಪ್ಯೂಟರ್ ಪರೀಕ್ಷೆ ಸಿಪಿಎಸ್‌ಎಸ್‌ಗೂ ಇಲ್ಲ. ಹಾಗಾಗಿ ಅಳಿಯನ ಪೋಸ್ಟರನ್ನು ಎರಡನೇ ಸಲ ಹೊಡೆಯುವಾಗ ಅಂದಾಜಿಗೆ ಬಿಡಲಿಲ್ಲ. ಆಮೇಲೆ ಅವನಂಥ ನಾಲ್ಕಾರು ಹುಡುಗ ಹುಡುಗಿಯರು ಬಂದು ಮಾಡಿಸಿಕೊಂಡು ಹೋದರು. ಎಲ್ಲರಿಗೂ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟೇಪು ಹಿಡಿಯಿರಿ, ಆಮೇಲೆ ಪೋಸ್ಟರು

ಪೋಸ್ಟರಿಗೆ ದುಡ್ಡು ಹಾಕುವ ಮುಂಚೆ ನಿಮ್ಮ ಮೈ ಅಳತೆ ತೆಗೆಯಿರಿ. ವಾಯುಪಡೆಯ ಫ್ಲೈಯಿಂಗ್ ಶಾಖೆಗೆ ಕನಿಷ್ಠ ಎತ್ತರ 162.5 ಸೆಂ.ಮೀ. ಅದೊಂದೇ ಸಾಲದು. ಕಾಲಿನ ಉದ್ದ 99ರಿಂದ 120 ಸೆಂ.ಮೀ. ಒಳಗಿರಬೇಕು, ಕೂತಾಗಿನ ಎತ್ತರ 81.5ರಿಂದ 96 ಸೆಂ.ಮೀ., ತೊಡೆಯ ಉದ್ದ 64 ಸೆಂ.ಮೀ. ಮೀರಬಾರದು. ಗೋಡೆಗೆ ಬೆನ್ನು ಆನಿಸಿ, ನೆಲದ ಮೇಲೆ ಕಾಲು ನೀಡಿ ಕೂತು, ತಲೆಯ ಮೇಲೆ ಪುಸ್ತಕ ಇಟ್ಟು ಗೆರೆ ಹಾಕಿದರೆ ಕೂತ ಎತ್ತರ ಸಿಗುತ್ತದೆ. ಅದೇ ಭಂಗಿಯಲ್ಲಿ ಗೋಡೆಯಿಂದ ಹಿಮ್ಮಡಿವರೆಗೆ ಅಳೆದರೆ ಕಾಲಿನ ಉದ್ದ. ಮನೆಯ ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ಆಚೀಚೆ ಆಗುತ್ತದೆ. ಅಂಚಿನಲ್ಲಿದ್ದೀರಿ ಅನ್ನಿಸಿದರೆ ಅರ್ಜಿ ಹಾಕಿಯೇ ನೋಡಿ, ನಿಮ್ಮಷ್ಟಕ್ಕೆ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ.

ಈ ಅಂಕಿಗಳು ಯಾರೋ ಕೂತು ಸುಮ್ಮನೆ ಬರೆದದ್ದಲ್ಲ. ಕೂತ ಎತ್ತರ ಜಾಸ್ತಿಯಾದರೆ ಹೆಲ್ಮೆಟ್ ಮೇಲಿನ ಗಾಜಿಗೆ ತಾಗುತ್ತದೆ, ಕಡಿಮೆಯಾದರೆ ಮೂಗಿನಾಚೆ ರನ್‌ವೇ ಕಾಣುವುದಿಲ್ಲ. ಕಾಲು ಗಿಡ್ಡವಾದರೆ ಮೂಗನ್ನು ಎಡಬಲ ತಿರುಗಿಸುವ ರಡ್ಡರ್ ಪೆಡಲನ್ನು ಕೊನೆತನಕ ಒತ್ತಲಾಗುವುದಿಲ್ಲ. ತೊಡೆ ಉದ್ದವಾದವರು ಆಪತ್ತಿನಲ್ಲಿ ಸೀಟು ಸಮೇತ ಮೇಲಕ್ಕೆ ಚಿಮ್ಮಿದರೆ ಮುಂದಿನ ಪ್ಯಾನೆಲ್ ಅಂಚು ಮಂಡಿ ಕತ್ತರಿಸುತ್ತದೆ. ಕಾಕ್‌ಪಿಟ್ ಅಂದರೆ ಮನುಷ್ಯನ ಮೈಗೆ ಹೊಲಿದ ಅಂಗಿ. ಪೋಸ್ಟರಿನ ಅಳತೆ ತಪ್ಪಿದರೆ ಕಲಿಕೆಯೇ ತಪ್ಪುತ್ತದೆ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕಣ್ಣು, ಕಿವಿ, ಹಲ್ಲನ್ನು ಮೊದಲೇ ಊರಿನ ವೈದ್ಯರಲ್ಲಿ ತೋರಿಸಿಬಿಡಿ. ಬಣ್ಣ ಗುರುತಿಸುವ ಪರೀಕ್ಷೆಯನ್ನು ಬಿಡಲೇಬೇಡಿ, ಅದರಲ್ಲಿ ವಿನಾಯಿತಿ ಇಲ್ಲ. ಕನ್ನಡಕ ಇದೆ ಎಂದು ಅವಸರದಲ್ಲಿ ಲೇಸಿಕ್ ಎಂಬ ಲೇಸರ್ ಚಿಕಿತ್ಸೆ ಮಾಡಿಸಿಕೊಂಡು ಕೂರಬೇಡಿ. 20 ವರ್ಷ ತುಂಬುವ ಮೊದಲು ಮಾಡಿಸಿದ್ದರೆ ನಡೆಯುವುದಿಲ್ಲ, ಮಾಡಿಸಿ 12 ತಿಂಗಳಾದರೂ ಕಳೆದಿರಬೇಕು, ಇನ್ನೂ ಷರತ್ತುಗಳಿವೆ. ಆಯಾ ವರ್ಷದ ಅಧಿಸೂಚನೆ ಓದಿ. ಆಯ್ಕೆಯಾದವರ ವೈದ್ಯಕೀಯ ಪರೀಕ್ಷೆ ನಡೆಯುವ ಎರಡು ಜಾಗಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇದೆ, ಹಳೇ ವಿಮಾನ ನಿಲ್ದಾಣದ ರಸ್ತೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ಇನ್ನೊಂದು ದೆಹಲಿಯಲ್ಲಿ.

ನೀವು ಯಾವ ಬಾಗಿಲಲ್ಲಿದ್ದೀರಿ?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇಟ್ಟುಕೊಂಡಿದ್ದರೆ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆ. ವರ್ಷಕ್ಕೆ ಎರಡು ಸಲ ಯುಪಿಎಸ್‌ಸಿ ನಡೆಸುತ್ತದೆ. ಡಿಗ್ರಿ ಆದವರಿಗೆ ವಾಯುಪಡೆಯದೇ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್, ಅದೂ ವರ್ಷಕ್ಕೆ ಎರಡು ಸಲ. ಫ್ಲೈಯಿಂಗ್ ಶಾಖೆಗೆ ಕೋರ್ಸು ಶುರುವಾಗುವ ಹೊತ್ತಿಗೆ ವಯಸ್ಸು 20ರಿಂದ 24ರ ಒಳಗಿರಬೇಕು. ಡಿಗ್ರಿ ಆದವರಿಗೇ ಯುಪಿಎಸ್‌ಸಿ ನಡೆಸುವ ಸಿಡಿಎಸ್ ಇದೆ, ಎನ್‌ಸಿಸಿ ಏರ್ ವಿಂಗ್‌ನ ಸಿ ಸರ್ಟಿಫಿಕೇಟ್ ಇದ್ದವರಿಗೆ ಬೇರೆ ದಾರಿಯೂ ಇದೆ. ಹೆಣ್ಣುಮಕ್ಕಳು ಹಿಂಜರಿಯುವ ಕಾಲ ಮುಗಿಯಿತು. 2016ರ ಜೂನ್‌ನಲ್ಲಿ ಯುದ್ಧವಿಮಾನದ ಪೈಲಟ್‌ಗಳಾಗಿ ಹೊರಬಂದ ಮೊದಲ ಮೂವರಲ್ಲಿ ಭಾವನಾ ಕಾಂತ್ ಓದಿದ್ದು ಬೆಂಗಳೂರಿನ ಬಿಎಂಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಆ ಮೂವರೂ ಹಾಕ್ ವಿಮಾನ ಕಲಿತದ್ದು ನಮ್ಮ ಬೀದರ್‌ನಲ್ಲಿ.

ಯಾವ ಬಾಗಿಲಿಂದ ಬಂದರೂ ಎಎಫ್‌ಎಸ್‌ಬಿ ದಾಟಬೇಕು, ಫ್ಲೈಯಿಂಗ್ ಬೇಕೆಂದರೆ ಜೊತೆಗೆ ಸಿಪಿಎಸ್‌ಎಸ್. ಇದರ ಆಧಾರದ ಮೇಲೆ ಪೋಸ್ಟರಿನ ಕೆಲಸ ಎರಡು ಭಾಗವಾಗುತ್ತದೆ. ಸಿಪಿಎಸ್‌ಎಸ್‌ಗೆ ಮುಂಚೆ ನಿಮಗೆ ಬೇಕಿರುವುದು ಗಡಿಯಾರ ಓದುವ ಕಣ್ಣು ಮಾತ್ರ. ಅದಕ್ಕೆ ಎ3 ಹಾಳೆಯ ಒಂದು ಚಿತ್ರ ಸಾಕು. ಆಯ್ಕೆಯಾಗಿ, ಹೈದರಾಬಾದ್ ಬಳಿಯ ದುಂಡಿಗಲ್ ಅಕಾಡೆಮಿಗೆ ಹೋಗುವ ದಿನ ಕಾಯುತ್ತ ಕೂತ ತಿಂಗಳುಗಳಲ್ಲಿ ಬೇಕಾಗುವುದು ದೊಡ್ಡ ಪೋಸ್ಟರು. ನನ್ನ ಅಳಿಯ ಎರಡನ್ನೂ ತಿರುವುಮುರುವು ಮಾಡಿದ. ಮೊದಲೇ ದೊಡ್ಡದನ್ನು ಕಟ್ಟಿಕೊಂಡು, ಸ್ವಿಚ್ಚುಗಳ ಹೆಸರು ಉರು ಹೊಡೆದು, ಎಎಫ್‌ಕ್ಯಾಟ್ ಗಣಿತವನ್ನೇ ಮರೆತ. ಮೊದಲ ಸಲ ಲಿಖಿತ ಪರೀಕ್ಷೆಯಲ್ಲೇ ಹೋಯಿತು.

ಆರು ಗಡಿಯಾರದ ಹಾಳೆ

ನನ್ನ ಕಾಲದ ಪಿಎಬಿಟಿಯಲ್ಲಿ ಒಂದು ಭಾಗ ಇತ್ತು. ವಿಮಾನದ ಉಪಕರಣಗಳ ಚಿತ್ರ ಕೊಟ್ಟು, ವಿಮಾನ ಈಗ ಏನು ಮಾಡುತ್ತಿದೆ ಎಂದು ಕೇಳುತ್ತಿದ್ದರು. ಪರೀಕ್ಷೆಗೆ ಮುಂಚೆ ಅಲ್ಲೇ ವಿವರಿಸುತ್ತಿದ್ದರು, ಆದರೆ ಮೊದಲ ಸಲ ನೋಡುವವನಿಗೆ ಆ ಹೊತ್ತು ಸಾಲುತ್ತಿರಲಿಲ್ಲ. ನಾನು ಎಡವಿದ್ದು ಅಲ್ಲೇ ಎಂದು ಇವತ್ತಿಗೂ ನನ್ನ ಅಂದಾಜು. ಎತ್ತರ ತೋರಿಸುವ ಆಲ್ಟಿಮೀಟರಿನ ಉದ್ದ ಮುಳ್ಳನ್ನು ಸಾವಿರ ಅಂದುಕೊಂಡು ಓದಿಬಿಟ್ಟೆ. ಅವಸರದಲ್ಲಿ ದೊಡ್ಡ ಮುಳ್ಳಿಗೆ ದೊಡ್ಡ ಲೆಕ್ಕ ಅನ್ನಿಸುವುದು ಸಹಜ. ಅಲ್ಲಿ ಉದ್ದ ಮುಳ್ಳು ನೂರರ ಲೆಕ್ಕ, ಗಿಡ್ಡ ಮುಳ್ಳು ಸಾವಿರದ ಲೆಕ್ಕ. ಗಿಡ್ಡದ್ದು 3 ಮತ್ತು 4ರ ನಡುವೆ, ಉದ್ದದ್ದು 5ರ ಮೇಲೆ ಇದ್ದರೆ 3,500 ಅಡಿ. ಮೂರನೆಯದೊಂದು ಸಣ್ಣ ಗುರುತು ಹತ್ತು ಸಾವಿರದ ಲೆಕ್ಕ ಹೇಳುತ್ತದೆ.

ಹಾಳೆಗೆ ಹಳೆಯ ಸೆಸ್ನಾ 172ರ ಪ್ಯಾನೆಲ್ ಚಿತ್ರ ಹುಡುಕಿ. ಹೊಸದರಲ್ಲಿ ಟಿವಿ ಪರದೆಗಳಿರುತ್ತವೆ, ಅದು ಬೇಡ, ದುಂಡನೆಯ ಗಡಿಯಾರಗಳಿರುವುದೇ ಬೇಕು. ಮೇಲಿನ ಸಾಲಿನಲ್ಲಿ ಎಡಕ್ಕೆ ವೇಗ, ನಡುವೆ ಕೃತಕ ದಿಗಂತ, ಬಲಕ್ಕೆ ಎತ್ತರ. ಕೆಳಗಿನ ಸಾಲಿನಲ್ಲಿ ಎಡಕ್ಕೆ ತಿರುವು ತೋರಿಸುವುದು, ನಡುವೆ ದಿಕ್ಕು, ಬಲಕ್ಕೆ ಏರಿಳಿತದ ದರ. ಇಲ್ಲೊಂದು ಹಳ್ಳ ಇದೆ, ನೋಡಿಕೊಳ್ಳಿ. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ವಿಮಾನಗಳ ಪೋಸ್ಟರ್ ಬಲು ಚೆಂದ, ಎಲ್ಲೆಲ್ಲೂ ಸಿಗುತ್ತದೆ. ಆದರೆ ಅವುಗಳಲ್ಲಿ ಎತ್ತರದ ಗಡಿಯಾರ ಕೆಳಗೆ ಎಡಕ್ಕಿದ್ದು, ಏರಿಳಿತದ್ದು ಮೇಲೆ ಬಲಕ್ಕಿರುತ್ತದೆ. ಸ್ಪಿಟ್‌ಫೈರ್ ಪೋಸ್ಟರ್ ನೋಡಿ ಕಲಿತ ಕಣ್ಣು ಎತ್ತರ ಬೇಕಾದಾಗ ತಪ್ಪು ಮೂಲೆಗೆ ಓಡುತ್ತದೆ. ಅದನ್ನು ರೂಮಿನ ಅಂದಕ್ಕೆ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ.

ಕೃತಕ ದಿಗಂತದಲ್ಲಿ ಎಲ್ಲರಿಗೂ ಗೊಂದಲವಾಗುವುದು ಒಂದೇ ವಿಷಯ. ನಡುವಿನ ಪುಟ್ಟ ವಿಮಾನದ ಗುರುತು ಅಲುಗಾಡುವುದಿಲ್ಲ, ಹಿಂದಿನ ಗೆರೆ ಓರೆಯಾಗುತ್ತದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನಿಗೆ ತೋಟ, ಕಂಬ ಓಡುವಂತೆ ಕಾಣುತ್ತದಲ್ಲ, ಹಾಗೆ. ದಿಗಂತದ ಗೆರೆ ಗುರುತಿಗಿಂತ ಕೆಳಗಿದ್ದರೆ ಮೂಗು ಮೇಲಿದೆ. ಗೆರೆ ಎಡಕ್ಕೆ ವಾಲಿದಂತೆ ಕಂಡರೆ, ಅಂದರೆ ಅದರ ಎಡತುದಿ ಕೆಳಗಿಳಿದಿದ್ದರೆ, ವಿಮಾನ ಬಲಕ್ಕೆ ವಾಲಿದೆ. ನಂಬಿಕೆ ಬರದಿದ್ದರೆ ತಲೆಯನ್ನು ಬಲಕ್ಕೆ ಓರೆ ಮಾಡಿ ಬಾಗಿಲ ಹೊಸ್ತಿಲು ನೋಡಿ.

ಅಭ್ಯಾಸಕ್ಕೆ ಒಂದು ಮಾದರಿ. ವೇಗ ಇಳಿಯುತ್ತಿದೆ, ದಿಗಂತದ ಗೆರೆ ಗುರುತಿಗಿಂತ ಕೆಳಗಿದ್ದು ಸಮವಾಗಿದೆ, ಏರಿಳಿತದ ಮುಳ್ಳು ಸೊನ್ನೆಯಿಂದ ಮೇಲಕ್ಕೆ, ದಿಕ್ಕು 27ರಲ್ಲಿ ನಿಂತಿದೆ. ಉತ್ತರ: ಪಶ್ಚಿಮಕ್ಕೆ ಮುಖಮಾಡಿ ನೇರವಾಗಿ ಏರುತ್ತಿದೆ. ದಿಕ್ಕಿನ ಗಡಿಯಾರದಲ್ಲಿ ಕೊನೆಯ ಸೊನ್ನೆ ಬರೆಯುವುದಿಲ್ಲ, 27 ಎಂದರೆ 270 ಡಿಗ್ರಿ. ಇಂಥವನ್ನು ದಿನಕ್ಕೆ ಇಪ್ಪತ್ತು ಮಾಡಿ. ಚಿತ್ರ ಬೇಕಾದಷ್ಟು ಪಡೆಯಲು ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರ್ ಇದೆ. ಹಾರಿಸುತ್ತ ಹಾರಿಸುತ್ತ ಅಲ್ಲಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ, ವಾರ ಬಿಟ್ಟು ನೀವೇ ಉತ್ತರ ಹೇಳಿ.

ದೊಡ್ಡ ಪೋಸ್ಟರ್: ಯಾವುದು, ಎಲ್ಲಿಂದ

ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಜನ ತರುವುದು ಬೋಯಿಂಗ್ ಅಥವಾ ಸೆಸ್ನಾ ಚಿತ್ರ. ಸೆಸ್ನಾದಲ್ಲಿ ಪೈಲಟ್ ಎಡಸೀಟಿನಲ್ಲಿ ಕೂತು ಎಡಗೈಯಲ್ಲಿ ಸ್ಟೀರಿಂಗಿನಂಥ ಯೋಕ್ ಹಿಡಿಯುತ್ತಾನೆ, ಬಲಗೈ ಥ್ರಾಟಲ್ ಮೇಲೆ. ಸೇನೆಯ ತರಬೇತಿ ವಿಮಾನದಲ್ಲಿ ಇದು ಉಲ್ಟಾ: ಬಲಗೈಯಲ್ಲಿ ಸ್ಟಿಕ್, ಎಡಗೈಯಲ್ಲಿ ಥ್ರಾಟಲ್. ಕಣ್ಣಿಗೆ ಸೆಸ್ನಾ ಆಗುತ್ತದೆ ಎಂದೆ, ಕೈಗೆ ಆಗುವುದಿಲ್ಲ. ಕೈಗೆ ಬೇಕಿರುವುದು ಒಂದರ ಹಿಂದೊಂದು ಸೀಟಿರುವ ವಿಮಾನದ ಮುಂದಿನ ಸೀಟಿನ ನೋಟ.

ದುಂಡಿಗಲ್‌ನಲ್ಲಿ 2013ರಿಂದ ಮೊದಲ ಪಾಠ ನಡೆಯುತ್ತಿರುವುದು ಸ್ವಿಸ್ ಕಂಪನಿ ಪಿಲಾಟಸ್‌ನ ಪಿಸಿ-7 ಮಾರ್ಕ್ 2ರಲ್ಲಿ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 ಮೊದಲ ಬಾರಿ ಹಾರಿದ್ದು 2016ರ ಮೇ 31ರಂದು, 2023ರಲ್ಲಿ ವಾಯುಪಡೆ ಅಂಥ 70 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. ನಿಮ್ಮ ಬ್ಯಾಚಿಗೆ ಯಾವುದು ಎನ್ನುವುದು ಅಲ್ಲಿ ಹೋದ ಮೇಲೆ ತಿಳಿಯುವ ಮಾತು. ಅದಕ್ಕೇ ನಾನು ಹೇಳುವುದು, ಇದೇ ವಿಮಾನ ಬೇಕು ಎಂದು ಹಟ ಹಿಡಿಯಬೇಡಿ. ಕೈಯ ಜಾಗ, ಕಣ್ಣಿನ ದಾರಿ ಅಭ್ಯಾಸವಾದರೆ ಸಾಕು.

ಒಂದು ಒಳದಾರಿ ಇದೆ. ಅಮೆರಿಕದವರು ತಮ್ಮ ಪೈಲಟ್‌ಗಳಿಗೆ ಕಲಿಸುವ ಟಿ-6 ಟೆಕ್ಸನ್ 2 ವಿಮಾನ ಪಿಲಾಟಸ್ ಪಿಸಿ-9ರಿಂದ ಬಂದದ್ದು, ನಮ್ಮ ಪಿಸಿ-7 ಮಾರ್ಕ್ 2 ಕೂಡ ಪಿಸಿ-9ರ ಮೈಕಟ್ಟಿನದೇ. ಒಂದು ರೀತಿಯಲ್ಲಿ ದಾಯಾದಿಗಳು. ಅಮೆರಿಕದ ನೌಕಾಪಡೆಯ ವೈಮಾನಿಕ ತರಬೇತಿ ವಿಭಾಗ ತನ್ನ ಪಾಠಪುಸ್ತಕಗಳನ್ನು ತಾನೇ ಜಾಲತಾಣದಲ್ಲಿ ಬಹಿರಂಗವಾಗಿ ಇಡುತ್ತದೆ. ಒಹಾಯೊ ರಾಜ್ಯದ ಡೇಟನ್‌ನಲ್ಲಿರುವ ಅಮೆರಿಕ ವಾಯುಪಡೆಯ ವಸ್ತುಸಂಗ್ರಹಾಲಯ ಹತ್ತಾರು ವಿಮಾನಗಳ ಕಾಕ್‌ಪಿಟ್ಟನ್ನು ಸುತ್ತಲೂ ತಿರುಗಿಸಿ ನೋಡುವಂತೆ ಹಾಕಿದೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಒಳ್ಳೊಳ್ಳೆಯ ದೊಡ್ಡ ಫೋಟೊಗಳಿವೆ, ಪ್ರತಿಯೊಂದರ ಕೆಳಗೂ ಹೇಗೆ ಬಳಸಬಹುದು ಎಂದು ಬರೆದಿರುತ್ತದೆ. ನಿಮ್ಮ ಓದಿಗೆ ಹೊಡೆಸಿಕೊಳ್ಳಿ, ಹತ್ತು ಪ್ರತಿ ತೆಗೆದು ಮಾರಲು ಹೋಗಬೇಡಿ.

ಬೆಂಗಳೂರಿಗೆ ಹೋದಾಗ ಎಚ್‌ಎಎಲ್‌ನ ವಸ್ತುಸಂಗ್ರಹಾಲಯ ನೋಡಿ ಬನ್ನಿ. ಹಳೆಯ ಜೆಟ್ ವಿಮಾನಗಳಾದ ಮಾರುತ್, ಕಿರಣ್ ಎರಡನ್ನೂ ಹತ್ತಿರದಿಂದ ನೋಡಬಹುದು. ಕಿರಣ್‌ನಲ್ಲಿ ಗುರು ಶಿಷ್ಯರು ಅಕ್ಕಪಕ್ಕ ಕೂರುತ್ತಿದ್ದರು ಎನ್ನುವುದು ಮೂತಿಯ ಅಗಲ ನೋಡಿದರೇ ಗೊತ್ತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ಆಗುತ್ತದೆ. ಅಲ್ಲಿ ನಿಲ್ಲಿಸಿದ ವಿಮಾನದ ಬಳಿ ಇರುವವರನ್ನು ಕೇಳಿ, ಒಪ್ಪಿದರೆ ಮಾತ್ರ ಫೋಟೊ ತೆಗೆಯಿರಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಟೆಲಿಗ್ರಾಂ ಗುಂಪುಗಳಲ್ಲಿ "ಒಳಗಿನ ಮ್ಯಾನ್ಯುಯಲ್" ಅಂತ ಪಿಡಿಎಫ್‌ಗಳು ಓಡಾಡುತ್ತವೆ. ಮೊದಲ ಪುಟದಲ್ಲೇ ನಿರ್ಬಂಧಿತ ಎಂಬ ಮುದ್ರೆ ಇರುತ್ತದೆ. ಇಳಿಸಿಕೊಳ್ಳಬೇಡಿ, ಇಳಿಸಿಕೊಂಡಿದ್ದರೆ ಅಳಿಸಿ, ಮುಂದೆ ಕಳಿಸಬೇಡಿ. ವಾಯುನೆಲೆಯ ಬೇಲಿಯೊಳಗಿನ ಫೋಟೊ ಕೂಡ ಹಾಗೇ. ಅಧಿಕೃತ ಗೋಪ್ಯತಾ ಕಾಯ್ದೆ 1923ರದ್ದು, ಹಳೆಯದಾದರೂ ಅದಕ್ಕಿನ್ನೂ ಹಲ್ಲಿದೆ. ಅಧಿಕಾರಿ ಆಗಲು ಹೊರಟವರ ಫೋನಿನಲ್ಲಿ ಅಂಥದ್ದು ಇರುವುದು ಶೋಭೆಯೂ ಅಲ್ಲ. ಅಂಥ ಫೈಲು ತಂದ ಒಬ್ಬ ಹುಡುಗನನ್ನು ನಾನು ಮುದ್ರಿಸದೆ ವಾಪಸ್ ಕಳಿಸಿದ್ದೇನೆ.

ಅಳತೆಗೆ ತರುವುದು: ನನ್ನ ಕಸುಬಿನ ಭಾಗ

ತಟ್ಟೆಯಂಥ ಗಡಿಯಾರದ ಪೋಸ್ಟರ್ ಆದ ಮೇಲೆ ನಾನು ಹುಡುಕಿದ್ದು ಒಂದೇ: ಫೋಟೊದಲ್ಲಿ ಅಳತೆ ಗೊತ್ತಿರುವ ವಸ್ತು ಯಾವುದು? ಸಿಕ್ಕಿತು. ವಿಮಾನದ ದುಂಡು ಗಡಿಯಾರಗಳಿಗೆ ಜಗತ್ತಿನಲ್ಲೆಲ್ಲ ಒಂದು ರೂಢಿಯ ಅಳತೆ ಇದೆ. ದೊಡ್ಡವು ಕೂರುವ ರಂಧ್ರ ಮೂರೂ ಒಂದೆಂಟನೇ ಇಂಚು, ಅಂದರೆ 79 ಮಿ.ಮೀ. ಚಿಕ್ಕವು ಎರಡೂ ಕಾಲು ಇಂಚು, 57 ಮಿ.ಮೀ. ಸೇನಾ ವಿಮಾನಗಳ ಪಕ್ಕದ ಕಟ್ಟೆಯಲ್ಲಿ ಸಾಲಾಗಿ ಕೂರುವ ಸ್ವಿಚ್ ಪೆಟ್ಟಿಗೆಗಳಿಗೂ ರೂಢಿಯ ಅಗಲ ಐದೂ ಮುಕ್ಕಾಲು ಇಂಚು, 146 ಮಿ.ಮೀ. ಕೋರೆಲ್‌ಡ್ರಾದಲ್ಲಿ 79 ಮಿ.ಮೀ. ವೃತ್ತವೊಂದನ್ನು ಬರೆದು, ಫೋಟೊದ ವೇಗದ ಗಡಿಯಾರದ ಮೇಲಿಟ್ಟು, ಎರಡೂ ಕೂಡುವವರೆಗೆ ಫೋಟೊ ಹಿಗ್ಗಿಸಿದೆ. ಆರಡಿಯ ಪೋಸ್ಟರು ಮೂರಡಿಯೊಳಗೆ ಬಂತು.

ನಿಮ್ಮೂರಿನ ಅಂಗಡಿಯವರಿಗೆ "ನಿಜ ಅಳತೆಗೆ" ಎಂದು ಹೇಳಿದರೆ ನಾನು ಮಾಡಿದ್ದನ್ನೇ ಮಾಡುತ್ತಾರೆ. "ಈ ಗಡಿಯಾರ 79 ಮಿ.ಮೀ. ಬರಬೇಕು" ಎಂದು ಬೆರಳಿಟ್ಟು ತೋರಿಸಿ. ಹಣ ಕೊಡುವ ಮುಂಚೆ ಸ್ಕೇಲು ಇಟ್ಟು ನೋಡಿ.

ಫೋಟೊ ಎಷ್ಟು ದೊಡ್ಡದಿರಬೇಕು? ಒಂದು ಮೀಟರ್ ಅಗಲದ ಚಿತ್ರವನ್ನು ತೋಳಳತೆಯಲ್ಲಿ ಕೂತು ಓದಬೇಕೆಂದರೆ 150 ಡಿಪಿಐ (ಇಂಚಿಗೆ 150 ಚುಕ್ಕಿ) ಬೇಕು, ಅಂದರೆ ಅಡ್ಡಕ್ಕೆ ಸುಮಾರು 5,900 ಪಿಕ್ಸೆಲ್. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ಬೇಡ, ಅಕ್ಷರ ಎಲ್ಲಾ ಇರುವೆ ಸಾಲಾಗುತ್ತದೆ. ಚಿತ್ರ ತೆಗೆದ ಕೋನವನ್ನೂ ನೋಡಿ. ಪೈಲಟಿನ ಕಣ್ಣಿನ ಜಾಗದಿಂದ ತೆಗೆದದ್ದು ಉತ್ತಮ. ಅಗಲ ಲೆನ್ಸಿನಲ್ಲಿ ತೆಗೆದದ್ದರಲ್ಲಿ ಅಂಚಿನ ಗಡಿಯಾರಗಳು ಕೋಳಿಮೊಟ್ಟೆಯಂತೆ ಎಳೆದುಕೊಂಡಿರುತ್ತವೆ, ನಡುವಿನದು 79 ಬಂದರೆ ಅಂಚಿನದು 95 ಬರುತ್ತದೆ.

ಫ್ಲೆಕ್ಸ್ ಬೇಡ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ ಅನ್ನಿ, ಆದರೂ ಬೇಡ. ಅದರ ಹೊಳಪು ಟ್ಯೂಬ್‌ಲೈಟಿನ ಕೆಳಗೆ ಅರ್ಧ ಪ್ಯಾನೆಲ್ ನುಂಗುತ್ತದೆ. ಮ್ಯಾಟ್ ವಿನೈಲ್ ಹೊಡೆಸಿ, 5 ಮಿ.ಮೀ. ದಪ್ಪದ ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆಗೆ ಅಂಟಿಸಿಕೊಳ್ಳಿ. ಮುಂದಿನ ಪ್ಯಾನೆಲ್ ಒಂದು ತುಂಡು, ಎಡಕಟ್ಟೆ ಒಂದು, ಬಲಕಟ್ಟೆ ಒಂದು, ಒಟ್ಟು ಮೂರು. ಹಿಂದೆ ಅಗಲ ಟೇಪು ಹಚ್ಚಿದರೆ ಕದದಂತೆ ಮಡಚುತ್ತದೆ, ಮಂಚದ ಕೆಳಗೆ ಹೋಗುತ್ತದೆ. ಅಷ್ಟು ದುಡ್ಡು ಬೇಡವೆಂದರೆ ಪಿಡಿಎಫ್ ತೆರೆಯುವ ಅಡೋಬಿ ರೀಡರಿನ ಮುದ್ರಣ ಕಿಟಕಿಯಲ್ಲಿ ಪೋಸ್ಟರ್ ಎಂಬ ಆಯ್ಕೆ ಇದೆ. ದೊಡ್ಡ ಚಿತ್ರವನ್ನು ಎ4 ಹಾಳೆಗಳಾಗಿ ಹಂಚಿ ಕೊಡುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸಿ, ರಟ್ಟಿನ ಪೆಟ್ಟಿಗೆ ಬಿಚ್ಚಿ ಅಂಟಿಸಿ. ಕೈ ಕಲಿಯುವುದಕ್ಕೆ ಬಣ್ಣ ಬೇಡ.

ಕೂರುವುದು, ಮುಟ್ಟುವುದು

ತೋಳಿಲ್ಲದ ಪ್ಲಾಸ್ಟಿಕ್ ಕುರ್ಚಿ ತಗೊಳ್ಳಿ. ಮುಂದಿನ ಪ್ಯಾನೆಲ್ ಕೈ ಚಾಚಿದರೆ ಬೆರಳು ತಾಗುವಷ್ಟು ದೂರ, ಅದರ ಮೇಲಂಚು ಗಲ್ಲದ ಮಟ್ಟಕ್ಕೆ. ಪೈಲಟ್ ನೋಡುವುದು ಪ್ಯಾನೆಲಿನ ಮೇಲಿಂದ ಹೊರಗೆ, ಬೇಕಾದಾಗ ಮಾತ್ರ ಕೆಳಗೆ. ಪೋಸ್ಟರನ್ನು ದೇವರ ಪಟದಂತೆ ಎತ್ತರಕ್ಕೆ ತೂಗುಹಾಕಿದರೆ ಈ ಅಭ್ಯಾಸವೇ ಕೆಡುತ್ತದೆ. ಎಡಬಲದ ಕಟ್ಟೆಗಳನ್ನು ತೊಡೆಯ ಮಟ್ಟಕ್ಕೆ ಎರಡು ಸ್ಟೂಲಿನ ಮೇಲೆ ಮಲಗಿಸಿ. ಕಾಲ ನಡುವೆ ಮುರಿದ ಪೊರಕೆಯ ಹಿಡಿ, ಅದೇ ಸ್ಟಿಕ್. ಕಾಲಿಗೆ ಎರಡು ಇಟ್ಟಿಗೆ, ಅವೇ ರಡ್ಡರ್. ಸೈಕಲ್ ಹೊಡೆದವರಿಗೊಂದು ಎಚ್ಚರಿಕೆ: ಸೈಕಲ್ ಹ್ಯಾಂಡಲಿನ ಬಲಭಾಗ ಮುಂದೆ ತಳ್ಳಿದರೆ ಎಡಕ್ಕೆ ತಿರುಗುತ್ತದೆ, ರಡ್ಡರಿನಲ್ಲಿ ಬಲಗಾಲು ಒತ್ತಿದರೆ ಮೂಗು ಬಲಕ್ಕೇ ಹೋಗುತ್ತದೆ.

ಮೊದಲ ವಾರ ಬರೀ ಹೆಸರು. ಎಡದಿಂದ ಬಲಕ್ಕೆ ಒಂದೊಂದನ್ನೇ ಮುಟ್ಟಿ, ಹೆಸರನ್ನು ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ಲೆಕ್ಕಕ್ಕಿಲ್ಲ. ಎರಡನೇ ವಾರ ಯಾರಾದರೂ ಹೆಸರು ಕೂಗಬೇಕು, ನೀವು ತಕ್ಷಣ ಮುಟ್ಟಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ತಂಗಿಯದಾಗಿತ್ತು. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹುಡುಗ ನಲವತ್ತು ಚೀಟಿಗಳಲ್ಲಿ ಕನ್ನಡದಲ್ಲೇ "ಬ್ಯಾಟರಿ ಮಾಸ್ಟರ್", "ಫ್ಲ್ಯಾಪ್", "ಗೇರ್ ಲಿವರ್", "ಟ್ರಿಮ್" ಎಂದು ಬರೆದುಕೊಟ್ಟಿದ್ದ. ಅವಳು ಅವರೆಕಾಯಿ ಸುಲಿಯುತ್ತ ಒಂದೊಂದೇ ಚೀಟಿ ಎತ್ತಿ ಕೂಗುವಳು. "ಗೇರ್ ಲಿವರ್ ಅಂದ್ನಲ್ಲೋ, ಎಲ್ಲಿ ತಡಕ್ತೀಯ?" ಹತ್ತನೇ ದಿನಕ್ಕೆ ಅವಳಿಗೇ ಎಲ್ಲಾ ಜಾಗ ಬಾಯಿಪಾಠ ಆಗಿತ್ತು. ಅವನಿಗಿಂತ ಮುಂಚೆ!

ಮೂರನೇ ವಾರ ಕಣ್ಣಿಗೆ ಟವೆಲ್ ಕಟ್ಟಿ ಅದೇ ಆಟ. ಪೈಲಟ್ ತರಬೇತಿಯಲ್ಲಿ ಕಣ್ಣು ಕಟ್ಟಿ ಸ್ವಿಚ್ ಮುಟ್ಟಿಸುವುದು ತೀರ ಹಳೆಯ ಪದ್ಧತಿ. ಹೊಗೆ ತುಂಬಿದಾಗ, ತಲೆ ತಿರುಗಿಸಲಾಗದಷ್ಟು ಜಿ, ಅಂದರೆ ತಿರುವಿನಲ್ಲಿ ಮೈಯನ್ನು ಸೀಟಿಗೆ ಒತ್ತುವ ಭಾರ, ಎಳೆಯುವಾಗ ಕೈಗೆ ದಾರಿ ಗೊತ್ತಿರಬೇಕು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಮ್ಮೆಗೆ ಮಾಡಬೇಡಿ, ಆಮೇಲೆ ಕೈ ಸೋಮಾರಿಯಾಗಿ ಸುಮ್ಮನೆ ಗಾಳಿಯಲ್ಲಿ ಬೆರಳು ಆಡಿಸುತ್ತದೆ.

ಇಲ್ಲಿಗೆ ನಿಲ್ಲಿಸಿ. ಎಂಜಿನ್ ಶುರು ಮಾಡುವ ಕ್ರಮ, ತುರ್ತು ಸಂದರ್ಭದ ಕ್ರಮ ಇವನ್ನು ಎಲ್ಲೆಲ್ಲಿಂದಲೋ ತಂದು ಉರು ಹೊಡೆಯಬೇಡಿ. ಆ ಪುಸ್ತಕವನ್ನು ಅಕಾಡೆಮಿಯೇ ಕೈಗೆ ಕೊಡುತ್ತದೆ, ಒಂದಕ್ಷರ ತಪ್ಪದಂತೆ ಒಪ್ಪಿಸಲು ಹೇಳುತ್ತದೆ. ತಪ್ಪು ಕ್ರಮ ಕಲಿತು ಹೋದವನು ಮೊದಲು ಅದನ್ನು ಮರೆಯಬೇಕು, ಆಮೇಲೆ ಹೊಸದು ಕಲಿಯಬೇಕು. ಅಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ.

ತಾರಸಿ ಮೇಲಿನ ರನ್‌ವೇ

ಕುರ್ಚಿಯಿಂದೆದ್ದರೆ ತಾರಸಿ. ಸೀಮೆಸುಣ್ಣದಲ್ಲಿ ಒಂದು ರನ್‌ವೇ ಬರೆಯಿರಿ. ರನ್‌ವೇ ಸಂಖ್ಯೆ ಎಂದರೆ ಅದರ ದಿಕ್ಕಿನ ಕೊನೆಯ ಸೊನ್ನೆ ತೆಗೆದದ್ದು, 09 ಎಂದರೆ 090 ಡಿಗ್ರಿ, ಪೂರ್ವ. ಅದರ ಮೇಲೆ ನಡೆದು "ಹಾರಿ", ಎಡಕ್ಕೆ ತಿರುಗಿ 360, ಮತ್ತೆ ಎಡಕ್ಕೆ 270, ರನ್‌ವೇ ಪಕ್ಕದಲ್ಲೇ ಎದುರು ದಿಕ್ಕಿಗೆ ಹೋಗುವ ಇದೇ ಡೌನ್‌ವಿಂಡ್. ಮತ್ತೆ ಎಡಕ್ಕೆ 180, ಕೊನೆಗೆ 090ಕ್ಕೆ ಬಂದು ಇಳಿಯಿರಿ. ಪ್ರತಿ ತಿರುವಿನಲ್ಲೂ ದಿಕ್ಕು, ಎತ್ತರ ಗಟ್ಟಿಯಾಗಿ ಹೇಳುತ್ತ ನಡೆಯಿರಿ. ಪಕ್ಕದ ಮನೆಯವರು ಒಣಗಹಾಕಿದ ಬಟ್ಟೆ ತೆಗೆಯಲು ಬಂದವರು ನಿಂತು ನೋಡುತ್ತಾರೆ, ನೋಡಲಿ. ರನ್‌ವೇ ಸಂಖ್ಯೆ ದಿನಾ ಬದಲಿಸಿ.

ಎದುರು ದಿಕ್ಕು ತಲೆಯಲ್ಲೇ ಲೆಕ್ಕ ಹಾಕಲು ಸುಲಭ ದಾರಿ: 180ಕ್ಕಿಂತ ಕಡಿಮೆ ಇದ್ದರೆ 200 ಕೂಡಿಸಿ 20 ಕಳೆಯಿರಿ, ಹೆಚ್ಚಿದ್ದರೆ 200 ಕಳೆದು 20 ಕೂಡಿಸಿ. 240ರ ಎದುರು 060. 120 ನಾಟ್ ವೇಗ ಎಂದರೆ ಗಂಟೆಗೆ 120 ನಾಟಿಕಲ್ ಮೈಲಿ, ನಿಮಿಷಕ್ಕೆ 2. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. 60 ಮೈಲಿ ಹೋಗುವಷ್ಟರಲ್ಲಿ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ಪಕ್ಕಕ್ಕೆ ಬಿದ್ದಿರುತ್ತೀರಿ. ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ ಪೂರ್ತಿ ಸುತ್ತಿಗೆ 2 ನಿಮಿಷ. ಇವನ್ನು ಮೆಟ್ಟಿಲು ಹತ್ತುವಾಗ ಲೆಕ್ಕ ಹಾಕಿ, ಕೂತು ಬರೆದು ಪ್ರಯೋಜನವಿಲ್ಲ. ಏದುಸಿರು ಬಿಡುವಾಗ ಲೆಕ್ಕ ಬರುವುದೇ ಮುಖ್ಯ.

ಓದಿಗೆ ಅಮೆರಿಕದ ನಾಗರಿಕ ವಿಮಾನಯಾನ ಇಲಾಖೆಯಾದ ಎಫ್‌ಎಎ ಉಚಿತವಾಗಿ ಕೊಡುವ ಪೈಲಟ್ ಕೈಪಿಡಿಗಳು ಸಾಕು. ಉಪಕರಣಗಳು ಹೇಗೆ ಕೆಲಸ ಮಾಡುತ್ತವೆ ಎಂಬ ಅಧ್ಯಾಯ ಬಿಡಬೇಡಿ. ರೇಡಿಯೊ ಅಕ್ಷರಗಳನ್ನು, ಆಲ್ಫಾ ಬ್ರಾವೊ ಚಾರ್ಲಿ, ಬೀದಿಯಲ್ಲಿ ಕಾಣುವ ಗಾಡಿಗಳ ನಂಬರ್ ಪ್ಲೇಟ್ ಓದುತ್ತ ಕಲಿಯಿರಿ. ಕೆಎ 17 ಎಂದು ನೋಡಿದ ಕೂಡಲೇ ಕಿಲೊ ಆಲ್ಫಾ ಎಂದು ಬಾಯಿ ಹೇಳಬೇಕು. ಓಟದ ಜೊತೆ ಕಾಲು, ಹೊಟ್ಟೆ ಗಟ್ಟಿ ಮಾಡುವ ವ್ಯಾಯಾಮ ಇರಲಿ. ಜಿ ಹೆಚ್ಚಾದಾಗ ರಕ್ತ ಕಾಲಿಗಿಳಿಯದಂತೆ ಬಿಗಿ ಹಿಡಿಯುವುದು ಆ ಸ್ನಾಯುಗಳೇ.

ಅಳಿಯ ಎರಡನೇ ಪ್ರಯತ್ನದಲ್ಲಿ ದಾಟಿದ. ದುಂಡಿಗಲ್‌ಗೆ ಹೋದ ಮೊದಲ ತಿಂಗಳು ಫೋನ್ ಬರಲಿಲ್ಲ. ಆಮೇಲೊಂದು ಭಾನುವಾರ ಮಾಡಿ, "ಮಾವ, ಸ್ವಿಚ್ಚು ಬಹಳಷ್ಟು ಬೇರೆ ಜಾಗದಲ್ಲಿವೆ" ಅಂದ. ನನಗೆ ಪಿಚ್ಚೆನಿಸಿತು. "ಆದ್ರೆ ಎಡಗೈ ಹುಡುಕ್ಲಿಲ್ಲ, ತಾನಾಗೇ ಥ್ರಾಟಲ್ ಮೇಲೆ ಕೂತ್ಕೊಂತು" ಎಂದೂ ಸೇರಿಸಿದ. ಸನ್‌ಬೋರ್ಡಿನ ಮೂರು ತುಂಡನ್ನು ಹರಿಹರದ ಒಬ್ಬ ಹುಡುಗಿ ಒಯ್ದಿದ್ದಾಳೆ, ಎಎಫ್‌ಎಸ್‌ಬಿ ಮುಗಿಸಿ ಮೆಡಿಕಲ್‌ಗೆ ಕಾಯುತ್ತಿದ್ದಾಳೆ. ನಾನು ಮೊದಲು ಹೊಡೆದ ಆರಕ್ಕೆ ನಾಲ್ಕರ ಫ್ಲೆಕ್ಸ್ ಮಾತ್ರ ಇನ್ನೂ ತಂಗಿಯ ಮನೆಯಲ್ಲೇ ಇದೆ. ಸುಗ್ಗಿಯಲ್ಲಿ ಮೋಡ ಕಟ್ಟಿದರೆ ಕಣದಲ್ಲಿನ ಮೆಕ್ಕೆಜೋಳದ ರಾಶಿಗೆ ಹೊದಿಸುತ್ತಾಳೆ, ಗಡಿಯಾರಗಳು ಮೇಲ್ಮುಖವಾಗಿ.